ಕ್ಯಾರೋಟಿಡ್ ಶಸ್ತ್ರಕ್ರಿಯೆಗೆ ಯಾವ ಕೃತಕ ಗ್ರಾಫ್ಟ್? ಪದೇ ಪದೇ ಕೇಳುವ ಪ್ರಶ್ನೆಗಳು

ಕುತ್ತಿಗೆಯ ಡಾಪ್ಲರ್ (ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಸ್ಕ್ಯಾನ್) ವರದಿ ಹಿಡಿದು ಬಂದವರು ಕೂತ ಐದು ನಿಮಿಷಕ್ಕೆಲ್ಲ ಕೇಳುತ್ತಾರೆ: "ಡಾಕ್ಟ್ರೇ, ಯಾವ ಕಂಪನಿದು ಹಾಕ್ತೀರಿ?" ಕೇಳುವುದು ತಪ್ಪಲ್ಲ. ಆದರೆ ಆ ಪ್ರಶ್ನೆ ಸಾಲಿನಲ್ಲಿ ನಾಲ್ಕನೆಯದೋ ಐದನೆಯದೋ ಆಗಬೇಕು. ಶಸ್ತ್ರಕ್ರಿಯೆ ಬೇಕೇ ಬೇಕೆ, ಬೇಕಾದರೆ ನಾಳಕ್ಕೆ ತೇಪೆ ಹಾಕುವುದೋ ಇಡೀ ಕೊಳವೆ ಜೋಡಿಸುವುದೋ, ಆ ಜಾಗದಲ್ಲಿ ಸೋಂಕಿದೆಯೆ, ಕಾಲಿನಲ್ಲಿ ಒಳ್ಳೆಯ ಸಿರೆ ಇದೆಯೆ ಎಂಬುದೆಲ್ಲ ತೀರ್ಮಾನವಾದ ಮೇಲೆ ಬಟ್ಟೆಯ ಜಾತಿಯ ವಿಚಾರ. ರಕ್ತನಾಳಗಳ ಶಸ್ತ್ರಚಿಕಿತ್ಸೆ ಮಾಡುವವನಾಗಿ ನಾನು ದಿನವೂ ಕೊಡುವ ಉತ್ತರಗಳು ಇವು. ನಿಮ್ಮ ವರದಿ ನೋಡಿದ ವೈದ್ಯರ ಮಾತಿಗೆ ಇವು ಬದಲಿಯಲ್ಲ.

ಕ್ಯಾರೋಟಿಡ್ ಎಂದರೆ ಯಾವ ನಾಳ? ಅಲ್ಲಿ ರಿಪೇರಿ ಮಾಡುವುದೇನು?

ಗಂಟಲಮಣಿಯ ಪಕ್ಕಕ್ಕೆ ಬೆರಳಿಟ್ಟರೆ ಬಡಿಯುವ ನಾಳವೇ ಅದು. ಎಡಕ್ಕೊಂದು, ಬಲಕ್ಕೊಂದು. ಹೆಚ್ಚುಕಡಿಮೆ ಗಂಟಲಮಣಿಯ ಮೇಲಂಚಿನ ಮಟ್ಟದಲ್ಲಿ ಅದು ಎರಡಾಗಿ ಕವಲೊಡೆಯುತ್ತದೆ: ಒಂದು ಮುಖಕ್ಕೆ, ಇನ್ನೊಂದು ಮೆದುಳಿಗೆ. ಕವಲಿನಲ್ಲಿ ರಕ್ತ ಸುಳಿ ಸುತ್ತುವುದರಿಂದ ಕೊಬ್ಬು, ಸುಣ್ಣದಂಶ ಸೇರಿ ಹಕ್ಕಳೆ ಕಟ್ಟುವುದು ಅಲ್ಲೇ. ಆ ಹಕ್ಕಳೆಯ ಚೂರು ಕಿತ್ತು ಮೇಲೆ ಹೋದರೆ ಕೈಕಾಲು ಬಿದ್ದುಹೋಗುವುದು, ಮಾತು ತೊದಲುವುದು, ಒಂದು ಕಣ್ಣಿಗೆ ಪರದೆ ಇಳಿದಂತೆ ಕತ್ತಲೆ ಕವಿಯುವುದು. ನಾಳವನ್ನು ಉದ್ದಕ್ಕೆ ಸೀಳಿ ಹಕ್ಕಳೆಯನ್ನು ಬಿಡಿಸಿ ತೆಗೆಯುವುದಕ್ಕೆ ಎಂಡಾರ್ಟರೆಕ್ಟಮಿ ಎನ್ನುತ್ತೇವೆ.

ಇದು ಹೊಸ ವಿದ್ಯೆಯಲ್ಲ. ಅಮೆರಿಕದ ಮೈಕೆಲ್ ಡಿಬೇಕಿ 1953ರಲ್ಲೇ ಮಾಡಿದ್ದರು. ಮರುವರ್ಷ ಲಂಡನ್ನಿನ ಈಸ್ಟ್‌ಕಾಟ್, ಪಿಕರಿಂಗ್, ರಾಬ್ ಮೂವರು ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಕೂಡಿಸಿ ಹೊಲಿದ ಪ್ರಕರಣವನ್ನು ಪ್ರಕಟಿಸಿದರು.

ಇಕ್ಕಟ್ಟು ಎಷ್ಟಿದ್ದರೆ ಶಸ್ತ್ರಕ್ರಿಯೆ?

ಸ್ಟ್ರೋಕ್‌ನ ಲಕ್ಷಣ ಒಮ್ಮೆ ಕಾಣಿಸಿಕೊಂಡು, ನಾಳ 70ರಿಂದ 99 ಶೇಕಡಾ ಕಟ್ಟಿದ್ದರೆ ಲಾಭ ಸ್ಪಷ್ಟ. 1991ರಲ್ಲಿ ಬಂದ ಉತ್ತರ ಅಮೆರಿಕದ ದೊಡ್ಡ ಪ್ರಯೋಗದಲ್ಲಿ, ಬರೀ ಔಷಧ ತೆಗೆದುಕೊಂಡ ಇಂಥ ರೋಗಿಗಳಲ್ಲಿ ಎರಡು ವರ್ಷದೊಳಗೆ ನೂರಕ್ಕೆ 26 ಜನಕ್ಕೆ ಅದೇ ಬದಿಯ ಸ್ಟ್ರೋಕ್ ಆಯಿತು, ಶಸ್ತ್ರಕ್ರಿಯೆಯಾದವರಲ್ಲಿ 9. ಲಕ್ಷಣವಾದ ಎರಡು ವಾರದೊಳಗೆ ಮಾಡಿಸಿದರೆ ಲಾಭ ಹೆಚ್ಚು. ಬ್ರ್ಯಾಂಡ್ ಹುಡುಕುತ್ತ ತಿಂಗಳು ಕಳೆಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಲಕ್ಷಣವೇ ಇಲ್ಲದೆ ತಪಾಸಣೆಯಲ್ಲಿ ಸಿಕ್ಕಿಬಿದ್ದ ಇಕ್ಕಟ್ಟಿನ ಕಥೆ ಬೇರೆ. ಅಲ್ಲಿ ಲಾಭ ಕಡಿಮೆ. ಕೊಲೆಸ್ಟರಾಲ್ ಇಳಿಸುವ ಇವತ್ತಿನ ಸ್ಟ್ಯಾಟಿನ್ ಮಾತ್ರೆಗಳೇ ಬಹಳಷ್ಟು ಕೆಲಸ ಮಾಡುತ್ತವೆ. ಅವಸರ ಬೇಡ.

ಪ್ಯಾಚ್ ಬೇರೆ, ಗ್ರಾಫ್ಟ್ ಬೇರೆಯೆ?

ಬೇರೆ. ಅರ್ಧ ಗೊಂದಲ ಇಲ್ಲೇ ಹುಟ್ಟುವುದು. ಅಂಗಿಯ ಮೊಣಕೈ ಹರಿದಾಗ ಮೇಲೊಂದು ತುಂಡು ಇಟ್ಟು ಹೊಲಿಯುತ್ತೀರಲ್ಲ, ಅದು ಪ್ಯಾಚ್, ಅಂದರೆ ತೇಪೆ. ತೋಳನ್ನೇ ಕಿತ್ತು ಹೊಸ ತೋಳು ಜೋಡಿಸಿದರೆ ಅದು ಗ್ರಾಫ್ಟ್, ಅಂದರೆ ಕೊಳವೆ. ಎಂಡಾರ್ಟರೆಕ್ಟಮಿಯಲ್ಲಿ ಬಹುತೇಕ ಬೇಕಾಗುವುದು ತೇಪೆ ಮಾತ್ರ. ಸೀಳಿದ ಜಾಗದ ಎರಡು ಅಂಚುಗಳ ನಡುವೆ, ಎರಡೂ ತುದಿ ಮೊನಚಾಗಿರುವ ಎಲೆಯಾಕಾರದ ತುಂಡನ್ನು ಕೂರಿಸುತ್ತೇವೆ. ನಾಳದ ಉಳಿದ ಗೋಡೆ ನಿಮ್ಮದೇ.

ತೇಪೆಯೇ ಬೇಡ, ಸೀಳಿದ್ದನ್ನು ಹಾಗೇ ಹೊಲಿದರೆ?

ಮೆದುಳಿಗೆ ಹೋಗುವ ಕವಲಿನ ವ್ಯಾಸ ಸುಮಾರು 4ರಿಂದ 6 ಮಿಲಿಮೀಟರ್. ಹೊಲಿಗೆ ಹಾಕುವಾಗ ಎರಡೂ ಅಂಚಿನಲ್ಲಿ ಒಂದೊಂದು ಮಿಲಿಮೀಟರ್ ಒಳಗೆ ಹೋದರೂ ಸುತ್ತಳತೆ ಕುಗ್ಗುತ್ತದೆ. ಬಟ್ಟೆ ಹೊಲಿಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೊದಲೇ ಸಣ್ಣ ನಾಳ, ಅದರ ಮೇಲೆ ಮಾಯುವಾಗ ಒಳಪದರ ದಪ್ಪಗಾಗುತ್ತದೆ. ಹಾಗಾಗಿ ನೇರ ಹೊಲಿಗೆಗಿಂತ ತೇಪೆ ಹಾಕಿದ ನಾಳ ಮತ್ತೆ ಕಟ್ಟಿಕೊಳ್ಳುವುದು ಕಡಿಮೆ ಎಂದು ಹಲವು ಪ್ರಯೋಗಗಳನ್ನು ಒಟ್ಟು ನೋಡಿದಾಗ ತಿಳಿದಿದೆ. ನಾಳ ತುಂಬಾ ದಪ್ಪವಿದ್ದರೆ ನೇರ ಹೊಲಿಯುವವರೂ ಇದ್ದಾರೆ.

ಇನ್ನೊಂದು ದಾರಿಯಿದೆ. ಕವಲನ್ನು ಬುಡದಲ್ಲಿ ಕತ್ತರಿಸಿ, ಕಾಲುಚೀಲ ತಿರುವಿದಂತೆ ಒಳಮೈ ಹೊರಗೆ ಮಾಡಿ, ಹಕ್ಕಳೆ ಎಳೆದು ತೆಗೆದು, ಮತ್ತೆ ಅಲ್ಲೇ ಹೊಲಿಯುವುದು. ಎವರ್ಷನ್ ಎನ್ನುವ ಈ ಪದ್ಧತಿಗೆ ತೇಪೆಯೇ ಬೇಡ. ಇದರಲ್ಲಿ ಕೈ ಪಳಗಿದ ಸರ್ಜನ್ ಸಿಕ್ಕಿದರೆ ನೀವು ಈ ಪುಟದ ಮುಕ್ಕಾಲು ಭಾಗ ಬಿಟ್ಟುಬಿಡಬಹುದು.

ಹಾಗಾದರೆ ಇಡೀ ಕೊಳವೆ ಬೇಕಾಗುವುದು ಯಾವಾಗ?

ಗೋಡೆಯೇ ಉಳಿಸಿಕೊಳ್ಳುವಂತಿಲ್ಲದಾಗ. ಕ್ಯಾರೋಟಿಡ್ ಬಲೂನಿನಂತೆ ಉಬ್ಬಿದ ಅನ್ಯೂರಿಸಂ, ಕವಲಿನಲ್ಲಿ ಬೆಳೆದು ನಾಳವನ್ನು ಸುತ್ತುಗಟ್ಟಿದ ಕ್ಯಾರೋಟಿಡ್ ಬಾಡಿ ಗಡ್ಡೆ, ಕುತ್ತಿಗೆಗೆ ಬಿದ್ದ ಗಾಯ, ಹಿಂದೆ ಹಾಕಿದ ಸ್ಟೆಂಟ್ (ನಾಳ ತೆರೆದಿಡಲು ಒಳಗೆ ಕೂರಿಸುವ ಲೋಹದ ಜಾಲರಿ) ಕಟ್ಟಿಕೊಂಡು ಅದನ್ನೇ ತೆಗೆಯಬೇಕಾದ ಸಂದರ್ಭ, ಒಮ್ಮೆ ಶಸ್ತ್ರಕ್ರಿಯೆಯಾದ ಜಾಗ ಗಟ್ಟಿ ಗಾಯದ ಕಲೆಯಾಗಿ ಮತ್ತೆ ಇಕ್ಕಟ್ಟಾದದ್ದು, ಇಂಥವು. ಇದಲ್ಲದೆ ತೋಳಿಗೆ ಹೋಗುವ ಸಬ್‌ಕ್ಲೇವಿಯನ್ ನಾಳಕ್ಕೂ ಕ್ಯಾರೋಟಿಡ್‌ಗೂ ನಡುವೆ ಸೇತುವೆ ಕಟ್ಟುವ ಬೈಪಾಸ್ ಇದೆ; ಮಹಾಧಮನಿಯ ಕಮಾನಿಗೆ ಒಳಗಿನಿಂದ ಸ್ಟೆಂಟ್-ಗ್ರಾಫ್ಟ್ ಕೂರಿಸುವ ಮೊದಲು ಇದನ್ನು ಮಾಡುವುದುಂಟು. ಈ ಗಿಡ್ಡ ಸೇತುವೆಗೆ ಕಾಲಿನ ಸಿರೆಗಿಂತ ಕೃತಕ ಕೊಳವೆಯೇ ಹೆಚ್ಚು ಕಾಲ ತೆರೆದಿರುತ್ತದೆ. ಸಿರೆ ಮಡಚಿಕೊಳ್ಳುತ್ತದೆ, ಕೃತಕ ಕೊಳವೆ ಆಕಾರ ಬಿಡುವುದಿಲ್ಲ.

ಡೇಕ್ರಾನ್ ಎಂದರೆ ಅಂಗಿ ಬಟ್ಟೆಯದ್ದೇ ಅಂತೆ, ಹೌದೆ?

ಹೌದು, ಕೃತಕ ತೇಪೆ, ಕೊಳವೆಗೆ ಬಳಸುವ ಈ ಬಟ್ಟೆ ಪಾಲಿಯೆಸ್ಟರೇ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ನೂಲಿಗೆ ಡ್ಯುಪಾಂಟ್ ಕಂಪನಿ ಇಟ್ಟ ಹೆಸರು ಡೇಕ್ರಾನ್. ಮೇಲೆ ಹೇಳಿದ ಡಿಬೇಕಿಯವರೇ ಅದನ್ನು ಅಂಗಡಿಯಲ್ಲಿ ಗಜದ ಲೆಕ್ಕದಲ್ಲಿ ಕೊಂಡು, ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದರು. ನೈಲಾನ್ ಕೇಳಲು ಹೋಗಿದ್ದರಂತೆ, ಅಂಗಡಿಯಲ್ಲಿ ನೈಲಾನ್ ಮುಗಿದಿತ್ತಂತೆ. ನಂತರದ ವರ್ಷಗಳಲ್ಲಿ ನೈಲಾನ್ ದೇಹದೊಳಗೆ ಬಲ ಕಳೆದುಕೊಳ್ಳುವುದು ಗೊತ್ತಾಯಿತು. ಅಂಗಡಿಯವನು ಅಂದು ನೈಲಾನ್ ಇಟ್ಟಿದ್ದರೆ ಎಂದು ಆಗಾಗ ಅನ್ನಿಸುತ್ತದೆ.

ಈಗಿನ ಡೇಕ್ರಾನ್‌ನಲ್ಲಿ ಎರಡು ಬಗೆ: ಮಗ್ಗದಲ್ಲಿ ನೇಯ್ದದ್ದು ಮತ್ತು ಸ್ವೆಟರಿನಂತೆ ಹೆಣೆದದ್ದು. ನೇಯ್ದದ್ದು ಬಿಗಿ, ಸೋರುವುದಿಲ್ಲ, ಆದರೆ ಒರಟು ಮತ್ತು ಕತ್ತರಿಸಿದ ಅಂಚು ಎಳೆಬಿಡುತ್ತದೆ. ಹೆಣೆದದ್ದು ಮೆತ್ತಗೆ ನಾಳದ ಆಕಾರಕ್ಕೆ ಬಾಗುತ್ತದೆ, ಆದರೆ ರಂಧ್ರ ಹೆಚ್ಚು. ಹಿಂದೆ ರೋಗಿಯ ರಕ್ತದಲ್ಲೇ ಅದನ್ನು ನೆನೆಸಿ, ರಂಧ್ರಗಳಲ್ಲಿ ರಕ್ತ ಹೆಪ್ಪುಗಟ್ಟಿಸಿ, ಆಮೇಲೆ ಹೊಲಿಯಬೇಕಿತ್ತು. ಈಗ ಕೊಲಾಜೆನ್ ಅಥವಾ ಜೆಲಾಟಿನ್ ಸವರಿ ರಂಧ್ರ ಮುಚ್ಚಿಯೇ ಕಳಿಸುತ್ತಾರೆ. ಕುತ್ತಿಗೆಯ ತೇಪೆಗೆ ಹೆಚ್ಚಾಗಿ ಬಳಸುವುದು ಇಂಥ ತೆಳುವಾದ, ಹೆಣೆದ ಡೇಕ್ರಾನ್.

ಪಿಟಿಎಫ್‌ಇ ಎಂದರೆ?

ತೇಪೆ, ಕೊಳವೆಗೆ ಬಳಸುವ ಇನ್ನೊಂದು ಕೃತಕ ವಸ್ತು, ಅಂಟದ ಬಾಣಲೆಗೆ ಬಳಿಯುವ ಟೆಫ್ಲಾನ್‌ನ ವಂಶ. 1938ರಲ್ಲಿ ರಾಯ್ ಪ್ಲಂಕೆಟ್ ಅವರಿಗೆ ಆಕಸ್ಮಿಕವಾಗಿ ಸಿಕ್ಕ ವಸ್ತು. 1969ರಲ್ಲಿ ಬಾಬ್ ಗೋರ್ ಕಾಯಿಸಿದ ಸರಳುಗಳನ್ನು ನಿಧಾನ ಎಳೆದೆಳೆದು ಎಲ್ಲ ತುಂಡಾಗಿ, ಕೊನೆಗೆ ಬೇಸತ್ತು ಒಂದನ್ನು ರಪ್ಪನೆ ಜಗ್ಗಿದಾಗ ಅದು ಮುರಿಯದೆ ಹಿಗ್ಗಿತು. ಹಾಗೆ ಹಿಗ್ಗಿಸಿದ ಪಿಟಿಎಫ್‌ಇಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಂಟು, ಗಂಟಿನ ನಡುವೆ ಎಳೆ, ಎಳೆಗಳ ನಡುವೆ ಗಾಳಿ. ಸಾಮಾನ್ಯ ಗ್ರಾಫ್ಟ್‌ಗಳಲ್ಲಿ ಗಂಟಿನಿಂದ ಗಂಟಿಗೆ ದೂರ ಸುಮಾರು 30 ಮೈಕ್ರಾನ್. ಮೇಲ್ಮೈಗೆ ರಕ್ತ ಸುಲಭಕ್ಕೆ ಅಂಟುವುದಿಲ್ಲ, ಸೋರುವುದೂ ಇಲ್ಲ. ಮುಟ್ಟಿದರೆ ಹಳೆಯ ಮೇಣದ ಬತ್ತಿಯಷ್ಟೇ ನುಣುಪು, ಬೆಳ್ಳಗೆ.

ಎರಡರಲ್ಲಿ ಯಾವುದು ಒಳ್ಳೆಯದು? ನೇರವಾಗಿ ಹೇಳಿ.

ನೇರವಾಗಿ ಹೇಳಬೇಕೆಂದರೆ, ತೇಪೆಯ ಮಟ್ಟಿಗೆ ಎರಡರ ಫಲಿತಾಂಶದಲ್ಲಿರುವ ವ್ಯತ್ಯಾಸಕ್ಕಿಂತ ಇಬ್ಬರು ಸರ್ಜನ್‌ಗಳ ಕೈಗಳ ನಡುವಿನ ವ್ಯತ್ಯಾಸ ದೊಡ್ಡದು. ಡೇಕ್ರಾನ್‌ನಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ ಎಂದು ಹಳೆಯ ಹೋಲಿಕೆಯೊಂದು ತೋರಿಸಿತ್ತು. ಆಮೇಲೆ ಬಂದ ತೆಳು ಡೇಕ್ರಾನ್‌ನಲ್ಲಿ ಆ ದೂರು ಅಷ್ಟಾಗಿ ಉಳಿಯಲಿಲ್ಲ.

ವ್ಯತ್ಯಾಸ ಕಣ್ಣಿಗೆ ಕಾಣುವುದು ಶಸ್ತ್ರಕ್ರಿಯೆಯ ಮೇಜಿನ ಮೇಲೆ. ಹೊಲಿಗೆ ಮುಗಿದು, ರಕ್ತ ತಡೆಯಲು ನಾಳಕ್ಕೆ ಹಾಕಿದ್ದ ಚಿಮುಟ ಬಿಡಿಸಿದ ಆ ಕ್ಷಣ ನೋಡಬೇಕು. ತೇಪೆ ಉಸಿರು ತುಂಬಿಕೊಂಡಂತೆ ಮೇಲೇಳುತ್ತದೆ, ಬಡಿಯತೊಡಗುತ್ತದೆ. ಪಿಟಿಎಫ್‌ಇ ಆದರೆ ಹೊಲಿಗೆಯ ಗುಂಟ ಒಂದೊಂದು ಸೂಜಿತೂತಿನಿಂದಲೂ ಕೆಂಪು ಮಣಿ ಪೋಣಿಸಿದಂತೆ ರಕ್ತ ಜಿನುಗುತ್ತದೆ. ವಸ್ತು ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಸೂಜಿ ದಪ್ಪ, ಅದರ ಹಿಂದಿನ ನೂಲು ಸಣ್ಣ. ತೂತು ಬಾಯಿ ಬಿಟ್ಟುಕೊಂಡೇ ಇರುತ್ತದೆ. ಹತ್ತಿಬಟ್ಟೆ ಒತ್ತಿಕೊಂಡು ಹತ್ತು ಹದಿನೈದು ನಿಮಿಷ ಕಾಯಬೇಕು. ಕಾಯುವ ಹೊತ್ತಿನಲ್ಲಿ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಸೂಜಿಯಷ್ಟೇ ದಪ್ಪದ ಪಿಟಿಎಫ್‌ಇ ನೂಲು ಬಳಸಿದರೆ, ಇಲ್ಲವೆ ಈಗಿನ ಪದರ ಪದರದ ಪಿಟಿಎಫ್‌ಇ ತೇಪೆ ಆದರೆ ಈ ಕಾಟ ಕಡಿಮೆ. ಡೇಕ್ರಾನ್‌ನಲ್ಲಿ ತೂತು ಬೇಗ ಮುಚ್ಚುತ್ತದೆ.

ನಾನು? ತೇಪೆಗೆ ತೆಳು ಡೇಕ್ರಾನ್, ಇಡೀ ಕೊಳವೆಗೆ ಪಿಟಿಎಫ್‌ಇ. ಇದು ರೂಢಿ, ಧರ್ಮವಲ್ಲ. ಇದಕ್ಕೆ ತಿರುಗುಮುರುಗಾಗಿ ಮಾಡಿ ನನಗಿಂತ ಚೆನ್ನಾಗಿ ಫಲ ಪಡೆಯುವವರಿದ್ದಾರೆ.

ನಮ್ಮದೇ ಕಾಲಿನ ಸಿರೆ ಇರುವಾಗ ಪ್ಲಾಸ್ಟಿಕ್ ಯಾಕೆ?

ಒಳ್ಳೆಯ ಪ್ರಶ್ನೆ. ಸ್ವಂತ ಸಿರೆ ಸೋಂಕಿಗೆ ಸುಲಭಕ್ಕೆ ಬಗ್ಗುವುದಿಲ್ಲ, ಹೊಲಿಯಲು ಬೆಣ್ಣೆ. ಆದರೆ ಅದಕ್ಕೆ ಕಾಲಿನಲ್ಲೊಂದು ಗಾಯ ಮಾಡಬೇಕು, ಆ ಗಾಯ ಮಾಯಬೇಕು. ಮುಂದೆ ಹೃದಯದ ಬೈಪಾಸ್‌ಗೋ ಕಾಲಿನ ಬೈಪಾಸ್‌ಗೋ ಅದೇ ಸಿರೆ ಬೇಕಾಗಬಹುದು. ಕುತ್ತಿಗೆಯ ರೋಗ ಇರುವವರಿಗೆ ಹೃದಯದ ರೋಗವೂ ಇರುವುದು ಅಪರೂಪವಲ್ಲ. ಸಿರೆ ಹುಟ್ಟಿರುವುದೇ ಕಡಿಮೆ ಒತ್ತಡಕ್ಕೆ. ಪಾದದ ಗಂಟಿನ ಬಳಿಯ ಸಣ್ಣ ಸಿರೆಯಿಂದ ತೆಗೆದ ತೇಪೆ ಮೊದಲ ಕೆಲವು ದಿನಗಳಲ್ಲೇ ಬಿರಿದು ಜೀವಕ್ಕೆ ಬಂದ ನಿದರ್ಶನಗಳಿವೆ. ಆದ್ದರಿಂದ ಸಿರೆ ಬೇಕೆಂದರೆ ತೊಡೆಯ ಮೇಲ್ಭಾಗದ್ದೇ ಆಗಬೇಕು. ವರ್ಷಗಳಲ್ಲಿ ಸಿರೆಯ ತೇಪೆ ಸಡಿಲಿ ಉಬ್ಬುವುದೂ ಉಂಟು.

ಆದರೂ ಕೆಲವು ಕಡೆ ಸಿರೆಗೆ ಸಾಟಿಯಿಲ್ಲ: ಕೀವಾದ ಜಾಗ, ಗಂಟಲಿನ ಕ್ಯಾನ್ಸರ್ ತೆಗೆಯುವಾಗ ಬಾಯಿ-ಗಂಟಲಿನ ಒಳಭಾಗ ತೆರೆದ ಜಾಗ, ರೇಡಿಯೇಷನ್‌ನಿಂದ ಸುಟ್ಟು ಬಿಗಿದ ಚರ್ಮದ ಅಡಿ. ಅಲ್ಲಿ ಕೃತಕ ವಸ್ತು ಇಡುವುದು ಒದ್ದೆ ಹುಲ್ಲಿನಲ್ಲಿ ಬೀಜ ಇಟ್ಟಂತೆ, ಮೊಳಕೆಯೊಡೆಯುವುದು ರೋಗಾಣು.

ಪ್ರಾಣಿಯಿಂದ ಬಂದ ವಸ್ತು ನಮಗೆ ಬೇಡ. ಕೃತಕ ಎಂದರೆ ಆ ಚಿಂತೆ ಇಲ್ಲ ಅಲ್ಲವೆ?

ಪೂರ್ತಿ ಹಾಗಲ್ಲ, ಮತ್ತು ಇದನ್ನು ಮೊದಲೇ ಹೇಳದೆ ಇರುವುದು ನಮ್ಮ ಕಡೆಯ ತಪ್ಪು. ಬಹಳ ಬಳಕೆಯಲ್ಲಿರುವ ತೇಪೆಗಳಲ್ಲಿ ಒಂದು ದನದ ಹೃದಯದ ಹೊರಪೊರೆಯನ್ನು ಗ್ಲುಟರಾಲ್ಡಿಹೈಡ್‌ನಲ್ಲಿ ಹದಮಾಡಿದ್ದು. ಅದು ಕೃತಕವಲ್ಲ, ಆದರೆ ಪೆಟ್ಟಿಗೆಯಲ್ಲಿ ಅದೇ ಕಪಾಟಿನಲ್ಲಿರುತ್ತದೆ. ಸೂಜಿತೂತಿನಿಂದ ಹೆಚ್ಚು ಸೋರದ ಕಾರಣ ಅನೇಕರಿಗೆ ಅಚ್ಚುಮೆಚ್ಚು. ಇನ್ನು ಡೇಕ್ರಾನ್‌ಗೆ ಸವರುವ ಕೊಲಾಜೆನ್, ಜೆಲಾಟಿನ್ ಕೂಡ ಸಾಮಾನ್ಯವಾಗಿ ದನದಿಂದ ಬಂದವು. ಲೇಪ ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ, ಆದರೆ ಮೊದಲ ದಿನ ಇರುತ್ತದೆ.

ಒಮ್ಮೆ ವಯಸ್ಸಾದ ಹೆಂಗಸೊಬ್ಬರು ಸಹಿ ಹಾಕುವ ಮುಂಚೆ ನಾನು ಕೊಟ್ಟ ಡೇಕ್ರಾನ್ ಚೂರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ, "ಇದಕ್ಕೆ ಗಂಜಿ ಹಾಕಿದ್ದೀರಲ್ಲ, ಏನದು?" ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಲೇಪದ ಬಗ್ಗೆ ಕೇಳಿದ ಮೊದಲ ರೋಗಿ ಅವರು. ವಿಷಯ ಹೇಳಿದೆ. ಪಿಟಿಎಫ್‌ಇ ಹಾಕಿ ಎಂದರು, ಹಾಕಿದೆ. ಲೇಪವಿಲ್ಲದ ಪಿಟಿಎಫ್‌ಇಯಲ್ಲಿ ಪ್ರಾಣಿಜನ್ಯ ಏನೂ ಇಲ್ಲ. ನಿಮಗೆ ಆಕ್ಷೇಪವಿದ್ದರೆ ಕೊನೆಯ ಗಳಿಗೆಯಲ್ಲಲ್ಲ, ಹಿಂದಿನ ದಿನವೇ ಹೇಳಿ. ರಕ್ತ ತೆಳುವಾಗಿಸುವ ಹೆಪರಿನ್ ಕೂಡ ಸಾಮಾನ್ಯವಾಗಿ ಹಂದಿಯ ಕರುಳಿನಿಂದ ತಯಾರಾಗುತ್ತದೆ, ಅದನ್ನೂ ಮಾತಾಡಿಕೊಳ್ಳಿ.

ಅಳತೆ ಹೇಗೆ ತೀರ್ಮಾನಿಸುತ್ತೀರಿ? ದೊಡ್ಡದಿದ್ದಷ್ಟು ರಕ್ತ ಚೆನ್ನಾಗಿ ಹರಿಯುತ್ತದಲ್ಲ?

ಇಲ್ಲ. ತೇಪೆ ಪೊಟ್ಟಣದಲ್ಲಿ ಬರುವುದು ಸಾಮಾನ್ಯವಾಗಿ 8 ಮಿಲಿಮೀಟರ್ ಅಗಲ, 7–8 ಸೆಂಟಿಮೀಟರ್ ಉದ್ದ. ಅದನ್ನು ಕತ್ತರಿಯಲ್ಲಿ ಸಣ್ಣದು ಮಾಡಿಯೇ ಹಾಕುತ್ತೇವೆ. ಅಗಲ ಹೆಚ್ಚಾದರೆ ಕವಲು ಹೊಟ್ಟೆಬಿಟ್ಟು, ಅಲ್ಲಿ ರಕ್ತ ನಿಧಾನವಾಗಿ ಸುಳಿದು ಹೆಪ್ಪುಗಟ್ಟಲು ಜಾಗವಾಗುತ್ತದೆ. ಇಡೀ ಕೊಳವೆಯಾದರೆ ಹೆಚ್ಚಾಗಿ 6 ಮಿಲಿಮೀಟರ್, ಕೆಳಗಿನ ದಪ್ಪ ನಾಳದಿಂದ ಹೊರಟರೆ 7 ಅಥವಾ 8. ಉದ್ದದಲ್ಲೂ ಎಚ್ಚರ: ಕುತ್ತಿಗೆ ಒಂದು ಕಡೆ ತಿರುಗಿಸಿ ಮಲಗಿಸಿರುತ್ತೇವೆ, ನೇರ ಮಾಡಿದಾಗ ಉದ್ದವಾದ ಕೊಳವೆ ಮಡಚಿಕೊಳ್ಳುತ್ತದೆ.

ನಾಳ ಪ್ರತಿ ಬಡಿತಕ್ಕೂ ಹಿಗ್ಗುತ್ತದೆ, ಕೃತಕ ಕೊಳವೆ ಹಿಗ್ಗುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಈ ಜಗ್ಗಾಟ ನಡೆಯುವುದು ಹೊಲಿಗೆಯ ಸಾಲಿನಲ್ಲಿ, ಒಳಪದರ ದಪ್ಪಗಾಗುವುದೂ ಮುಖ್ಯವಾಗಿ ಅಲ್ಲೇ.

ಹೃದಯದ ಬೈಪಾಸ್‌ಗೆ ಕೃತಕ ನಾಳ ನಡೆಯುವುದಿಲ್ಲ ಅಂತಾರೆ. ಕುತ್ತಿಗೆಗೆ ಹೇಗೆ ನಡೆಯುತ್ತದೆ?

ಹೃದಯದ ನಾಳಗಳು ಬಹಳ ಸಣ್ಣವು. ಅಷ್ಟು ಸಣ್ಣ ಕೃತಕ ಕೊಳವೆಯಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಕುತ್ತಿಗೆಯಲ್ಲಿ ಮೂರು ಅನುಕೂಲ: ನಾಳ ದೊಡ್ಡದು, ಬೇಕಾದ ಉದ್ದ ಕಡಿಮೆ, ಮತ್ತು ಮೆದುಳು ರಕ್ತವನ್ನು ತಡೆಯದೆ ಎಳೆದುಕೊಳ್ಳುತ್ತದೆ. ಹೃದಯ ಪಂಪು ಮಾಡುವ ರಕ್ತದಲ್ಲಿ ಸುಮಾರು 15 ಶೇಕಡಾ ಮೆದುಳಿಗೇ ಹೋಗುತ್ತದೆ. ರಭಸ ಇರುವಲ್ಲಿ ಪಾಚಿ ಕಟ್ಟುವುದಿಲ್ಲ. ಮೊಣಕಾಲಿನ ಕೆಳಗೆ ಸೋಲುವ ಅದೇ ಪಿಟಿಎಫ್‌ಇ ಕುತ್ತಿಗೆಯಲ್ಲಿ ಗೆಲ್ಲುವುದು ಇದರಿಂದ.

ಹೊಲಿಯುವಷ್ಟು ಹೊತ್ತು ಮೆದುಳಿಗೆ ರಕ್ತ ಎಲ್ಲಿಂದ?

ಇನ್ನೊಂದು ಬದಿಯ ಕ್ಯಾರೋಟಿಡ್, ಬೆನ್ನುಮೂಳೆಯ ಗುಂಟ ಹೋಗುವ ಎರಡು ನಾಳಗಳು ಮೆದುಳಿನ ಬುಡದಲ್ಲಿ ಒಂದು ಉಂಗುರದಲ್ಲಿ ಕೂಡುತ್ತವೆ. ಆದರೆ ಆ ಉಂಗುರ ಎಲ್ಲರಲ್ಲೂ ಪೂರ್ತಿಯಾಗಿರುವುದಿಲ್ಲ. ಸಾಲದೆಂದು ಕಂಡರೆ ಶಂಟ್ ಎಂಬ ತೆಳು ಪ್ಲಾಸ್ಟಿಕ್ ನಳಿಗೆಯನ್ನು ತಾತ್ಕಾಲಿಕವಾಗಿ ತೂರಿಸಿ ರಕ್ತ ಹರಿಸುತ್ತೇವೆ. ತೇಪೆ ಹಾಕಲು ಚಿಮುಟದ ಹೊತ್ತು ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆ. ಇಡೀ ಕೊಳವೆಗೆ ಎರಡು ಕಡೆ ಸುತ್ತ ಹೊಲಿಯಬೇಕು, ಹೆಚ್ಚು ಹಿಡಿಯಬಹುದು. ಆಗ ಗ್ರಾಫ್ಟನ್ನು ಬಳೆ ತೊಡಿಸಿದಂತೆ ಶಂಟ್‌ನ ಮೇಲೆ ಮೊದಲೇ ಏರಿಸಿಕೊಂಡು ಹೊಲಿಯುತ್ತೇವೆ. ಪೂರ್ತಿ ಅರಿವಳಿಕೆಯೋ, ಕುತ್ತಿಗೆ ಮಾತ್ರ ಮರಗಟ್ಟಿಸುವುದೋ ಎಂಬ ಬಗ್ಗೆ 2008ರಲ್ಲಿ 3,500ಕ್ಕೂ ಹೆಚ್ಚು ರೋಗಿಗಳ ಪ್ರಯೋಗ ಬಂತು. ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಸ್ಟೆಂಟ್ ಹಾಕಿದರೆ ಈ ತಾಪತ್ರಯವೇ ಇಲ್ಲವಲ್ಲ?

ಕುತ್ತಿಗೆ ಕೊಯ್ಯುವುದು ತಪ್ಪುತ್ತದೆ, ಅಷ್ಟೇ. 2010ರ ಕ್ರೆಸ್ಟ್ ಪ್ರಯೋಗದಲ್ಲಿ 2,502 ಜನರನ್ನು ಹೋಲಿಸಿದಾಗ ಚಿಕಿತ್ಸೆಯ ಆಸುಪಾಸಿನಲ್ಲಿ ಸ್ಟ್ರೋಕ್ ಸ್ಟೆಂಟ್‌ನವರಲ್ಲಿ ಹೆಚ್ಚು, ಹೃದಯಾಘಾತ ಶಸ್ತ್ರಕ್ರಿಯೆಯವರಲ್ಲಿ ಹೆಚ್ಚು. ವಯಸ್ಸು 70 ದಾಟಿದವರಿಗೆ ಶಸ್ತ್ರಕ್ರಿಯೆ ವಾಸಿ. ರೇಡಿಯೇಷನ್ ಆದ ಕುತ್ತಿಗೆ, ಹಿಂದೆ ಒಮ್ಮೆ ಕೊಯ್ದ ಜಾಗ, ದವಡೆಯ ಹಿಂದೆ ತೀರಾ ಮೇಲಿರುವ ಇಕ್ಕಟ್ಟು, ಇವುಗಳಿಗೆ ಸ್ಟೆಂಟ್ ಯೋಚಿಸಬೇಕು.

ಸೋಂಕಾದರೆ?

ನೂರಕ್ಕೆ ಒಬ್ಬರಿಗಿಂತ ಕಡಿಮೆ. ಆದರೆ ಒಮ್ಮೆ ಆಯಿತೆಂದರೆ ಕಷ್ಟ. ಬೇಗ ಬರುವ ಸೋಂಕು ಜ್ವರ, ಕೆಂಪು, ಕೀವಿನ ಜೊತೆ ಬರುತ್ತದೆ. ತಡವಾಗಿ ಬರುವುದು ಕಳ್ಳ: ತಿಂಗಳುಗಳು, ಕೆಲವೊಮ್ಮೆ ವರ್ಷಗಳ ನಂತರ ಹಳೆಯ ಗಾಯದ ಗೆರೆಯ ಮೇಲೆ ಸಣ್ಣ ತೂತಾಗಿ ನೀರು ಜಿನುಗುತ್ತದೆ, ಅಥವಾ ನೋವಿಲ್ಲದ ಗಂಟು ಕಾಣುತ್ತದೆ. ಮೊಡವೆ ಎಂದುಕೊಂಡು ಹಿಸುಕಬೇಡಿ. ಮಾತ್ರೆಯೊಂದರಿಂದಲೇ ಇದು ಹೋಗುವುದು ಅಪರೂಪ. ಸಾಮಾನ್ಯವಾಗಿ ಕೃತಕ ವಸ್ತು ತೆಗೆದು ಸ್ವಂತ ಸಿರೆ ಹಾಕಬೇಕಾಗುತ್ತದೆ.

ಹೆಪರಿನ್ ಲೇಪ ಇರುವ ದುಬಾರಿ ಗ್ರಾಫ್ಟ್ ಬೇಕೆ?

ಕಾಲಿನ ಬೈಪಾಸ್‌ಗೆ ಅದರ ಪರವಾಗಿ ವಾದವಿದೆ. ಕುತ್ತಿಗೆಯ ತೇಪೆಗೆ ಕೇಳಿಕೊಂಡು ಹಾಕಿಸುವಂಥದ್ದೇನಲ್ಲ.

ಹಾಕಿದ ಮೇಲೆ ಮತ್ತೆ ಕಟ್ಟಿಕೊಳ್ಳುತ್ತದೆಯೆ? ಮಾತ್ರೆ ಎಷ್ಟು ದಿನ?

ಮೊದಲ ಎರಡು ವರ್ಷದಲ್ಲಿ ಇಕ್ಕಟ್ಟಾದರೆ ಅದು ಮಾಯುವ ಅಂಗಾಂಶ ಅತಿಯಾಗಿ ಬೆಳೆದದ್ದು. ನುಣುಪಾಗಿರುತ್ತದೆ, ಚೂರು ಕಿತ್ತು ಹೋಗುವುದು ಕಡಿಮೆ, ಎಷ್ಟೋ ಸಲ ನೋಡುತ್ತ ಕೂತರೆ ಸಾಕು. ಆಮೇಲೆ ಬರುವುದು ಹಳೆಯ ಕಾಯಿಲೆಯೇ. ಅದಕ್ಕೆ ಬಿಪಿ, ಶುಗರ್, ಸಿಗರೇಟು, ಕೊಲೆಸ್ಟರಾಲ್ ಕಾರಣ, ಗ್ರಾಫ್ಟ್ ಅಲ್ಲ. ಮೊದಲ ತಿಂಗಳೊಳಗೆ ಒಂದು ಡಾಪ್ಲರ್, ಆರು ತಿಂಗಳಿಗೆ ಒಂದು, ಆಮೇಲೆ ವರ್ಷಕ್ಕೊಮ್ಮೆ ಮಾಡಿಸುವುದು ರೂಢಿ. ಆಸ್ಪಿರಿನ್, ಸ್ಟ್ಯಾಟಿನ್ ಸಾಮಾನ್ಯವಾಗಿ ಜೀವನಪೂರ್ತಿ. ಹಲ್ಲು ಕೀಳಿಸಲು ಹೋದಾಗ ನೀವಾಗಿಯೇ ನಿಲ್ಲಿಸಬೇಡಿ, ಇಬ್ಬರೂ ವೈದ್ಯರನ್ನು ಕೇಳಿ.

ಮನೆಗೆ ಬಂದ ಮೇಲೆ ಯಾವುದಕ್ಕೆ ಹೆದರಬೇಕು?

ಕುತ್ತಿಗೆ ನೋಡನೋಡುತ್ತ ಊದಿಕೊಂಡು ಉಸಿರು ಕಟ್ಟಿದಂತಾದರೆ ಒಂದು ಗಳಿಗೆಯೂ ಕಾಯಬೇಡಿ. ಶಸ್ತ್ರಕ್ರಿಯೆಯ ಬದಿಯಲ್ಲೇ ಜೋರು ತಲೆನೋವು, ಬಿಪಿ ಏರಿಕೆ, ಫಿಟ್ಸ್ ಬಂದರೆ ಅದು ಬರಗಾಲದಲ್ಲಿದ್ದ ಮೆದುಳಿಗೆ ಒಮ್ಮೆಲೇ ಪ್ರವಾಹ ಬಂದ ಲಕ್ಷಣ. ಮೊದಲ ವಾರಗಳಲ್ಲಿ ಇದು ಬರಬಹುದು. ಮುಖ ಸೊಟ್ಟಗಾದರೆ, ಕೈ ಸೋತರೆ ಸ್ಟ್ರೋಕ್ ಎಂದೇ ತಿಳಿದು ಓಡಿ. ಕಿವಿಯ ಹಾಲೆ, ಗಾಯದ ಸುತ್ತ ಜೋಮು ಹಿಡಿದಂತಿರುವುದು ತಿಂಗಳುಗಟ್ಟಲೆ ಇರುತ್ತದೆ, ಅದಕ್ಕೆ ಗಾಬರಿ ಬೇಡ.

ಎಂಆರ್‌ಐ ಮಾಡಿಸಬಹುದೆ? ವಿಮಾನ ನಿಲ್ದಾಣದಲ್ಲಿ ಯಂತ್ರ ಕೂಗುತ್ತದೆಯೆ?

ಡೇಕ್ರಾನ್, ಪಿಟಿಎಫ್‌ಇ ಎರಡರಲ್ಲೂ ಲೋಹವಿಲ್ಲ. ಮಾಡಿಸಬಹುದು, ಕೂಗುವುದಿಲ್ಲ. ಒಳಗೆ ಸಣ್ಣ ಲೋಹದ ಕ್ಲಿಪ್ ಹಾಕಿದ್ದರೆ ಸ್ಕ್ಯಾನ್‌ನವರಿಗೆ ತಿಳಿಸಿ.

ಸರ್ಜನ್‌ಗೆ ಕೇಳಲೇಬೇಕಾದ ಪ್ರಶ್ನೆ ಯಾವುದು?

"ನಿಮ್ಮ ಕೈಯಲ್ಲಿ ಈ ಶಸ್ತ್ರಕ್ರಿಯೆಯಾದವರಲ್ಲಿ ಮೂವತ್ತು ದಿನದೊಳಗೆ ಸ್ಟ್ರೋಕ್ ಅಥವಾ ಸಾವು ನೂರಕ್ಕೆ ಎಷ್ಟು?" ಲಕ್ಷಣ ಕಂಡವರಲ್ಲಿ 6ಕ್ಕಿಂತ, ಲಕ್ಷಣವಿಲ್ಲದವರಲ್ಲಿ 3ಕ್ಕಿಂತ ಕಡಿಮೆ ಇರಬೇಕೆಂಬುದು ಒಪ್ಪಿತ ಮಿತಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಇನ್ನೊಬ್ಬರನ್ನೂ ಕಂಡು ಬನ್ನಿ. ಆಮೇಲೆ ಕೇಳಿ: ನೀವು ದಿನವೂ ಬಳಸುವ ತೇಪೆ ಯಾವುದು? ಅದನ್ನೇ ಹಾಕಿಸಿಕೊಳ್ಳಿ. ನಿಮ್ಮ ಒತ್ತಾಯಕ್ಕೆ ಅವರು ಅಭ್ಯಾಸವಿಲ್ಲದ ವಸ್ತು ಕೈಗೆತ್ತಿಕೊಳ್ಳುವುದು ಯಾರಿಗೂ ಒಳ್ಳೆಯದಲ್ಲ.

ಬಿಡುಗಡೆಯ ದಿನ ಇನ್ನೊಂದು ಕೆಲಸವಿದೆ. ಗ್ರಾಫ್ಟ್ ಪೆಟ್ಟಿಗೆಯಲ್ಲಿ ಅಂಟಿಸುವ ಚೀಟಿಗಳು ಬಂದಿರುತ್ತವೆ, ಅದರ ಮೇಲೆ ವಸ್ತು, ಅಳತೆ, ಬ್ಯಾಚ್ ಸಂಖ್ಯೆ ಇರುತ್ತದೆ. ಒಂದನ್ನು ನಿಮ್ಮ ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಡಲು ಹೇಳಿ, ಫೋನಿನಲ್ಲಿ ಅದರ ಫೋಟೊ ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಅದೇ ಕುತ್ತಿಗೆಯನ್ನು ಬೇರೊಬ್ಬರು ತೆರೆಯಬೇಕಾಗಿ ಬಂದರೆ ಅವರು ಮೊದಲು ಹುಡುಕುವುದು ಆ ಚೀಟಿಯನ್ನೇ.